ಒಡೆದ ಫೋರ್ಡ್ 351ರ ಜಾಗಕ್ಕೆ ಪಿಕಪ್ ಎಂಜಿನ್: ಹಳೆಯ ಸ್ಕೀ ಬೋಟಿಗೆ ಹೊಂದುವುದೇ?

ಸರೋವರವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಿಶಿಗನ್‌ನಲ್ಲಿ ನೆಲೆಸಿ ಹದಿನಾಲ್ಕು ವರ್ಷಗಳಾದವು. ಆರು ವರ್ಷಗಳ ಹಿಂದೆ ನೆರೆಮನೆಯ ಹಿರಿಯರೊಬ್ಬರಿಂದ 1987ರ, ಹತ್ತೊಂಬತ್ತು ಅಡಿ ಉದ್ದದ ಸ್ಕೀ ಬೋಟೊಂದನ್ನು ಕೊಂಡೆ. ಎಂಜಿನ್ ಬೋಟಿನ ನಟ್ಟನಡುವೆ ಪೆಟ್ಟಿಗೆಯೊಳಗೆ ಕುಳಿತಿದ್ದು, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಇಳಿಜಾರಾಗಿ ತಳವನ್ನು ಹಾದುಹೋಗುವ ಒಂದೇ ಶಾಫ್ಟ್, ಅದರ ತುದಿಯಲ್ಲಿ ಪ್ರೊಪೆಲ್ಲರ್. ಎಂಜಿನ್ ಫೋರ್ಡ್ ಕಂಪನಿಯ 351 ವಿಂಡ್ಸರ್, ಅಂದರೆ 5.8 ಲೀಟರಿನ ವಿ8, 240 ಅಶ್ವಶಕ್ತಿಯದು. ನನ್ನ ಇಬ್ಬರು ಮಕ್ಕಳೂ ನೀರಿನ ಮೇಲೆ ಸ್ಕೀ ಕಲಿತದ್ದು ಇದೇ ಬೋಟಿನ ಹಿಂದೆ. ಆದ್ದರಿಂದ ಅದನ್ನು ಮಾರಿ ಬೇರೆಯದನ್ನು ಕೊಳ್ಳಿ ಎಂಬ ಸಲಹೆಯನ್ನು ದಯವಿಟ್ಟು ಯಾರೂ ಕೊಡಬಾರದಾಗಿ ವಿನಂತಿ.

ಆದದ್ದು ಇಷ್ಟು. ಈ ಎಂಜಿನ್ ಸರೋವರದ ನೀರನ್ನೇ ನೇರವಾಗಿ ಹೀರಿಕೊಂಡು ತಂಪಾಗುವಂಥದ್ದು. ಚಳಿಗಾಲಕ್ಕೆ ಮುನ್ನ ಬ್ಲಾಕಿನ ಎರಡು ಬದಿಯ ಹಿತ್ತಾಳೆ ಪ್ಲಗ್ಗುಗಳನ್ನು ಬಿಚ್ಚಿ ನೀರನ್ನು ಖಾಲಿ ಮಾಡಬೇಕು. ಕಳೆದ ನವೆಂಬರಿನಲ್ಲಿ ನಾನು ಬಿಚ್ಚಿದೆ. ಎಡಬದಿಯಲ್ಲಿ ನೀರು ಧಾರೆಯಾಗಿ ಸುರಿಯಿತು, ಬಲಬದಿಯಲ್ಲಿ ನಾಲ್ಕು ಹನಿ ತೊಟ್ಟಿಕ್ಕಿ ನಿಂತಿತು. ಆ ಬದಿಯಲ್ಲಿ ನೀರೇ ಇಲ್ಲವೆಂದು ಭಾವಿಸಿ ಪ್ಲಗ್ ತಿರುಗಿಸಿ ಕೂರಿಸಿದೆ. ಏಪ್ರಿಲ್‌ನಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬಲಬದಿಯಲ್ಲಿ, ಎಂಜಿನ್ ಮೌಂಟಿನಿಂದ ಎರಡು ಬೆರಳು ಮೇಲೆ, ಕೂದಲೆಳೆಯಷ್ಟು ಸಣ್ಣ ಬಿರುಕು ಒಂದು ಗೇಣು ಉದ್ದಕ್ಕೂ ಹರಿದಿದೆ. ಅದರ ಗುಂಟ ತುಕ್ಕಿನ ನೀರು ಒಸರಿ ಒಣಗಿರುವ ಕಲೆ ಇದೆ.

ಇಲ್ಲಿಯ ಗುಜರಿಯೊಂದರಲ್ಲಿ 2003ರ ಷೆವರ್ಲೆ ಪಿಕಪ್ಪಿನ 5.3 ಲೀಟರ್ ಎಲ್‌ಎಸ್ ಮಾದರಿಯ (ಜನರಲ್ ಮೋಟರ್ಸ್ ಕಂಪನಿಯ ವಿ8 ಸರಣಿ) ಎಂಜಿನ್ ವೈರಿಂಗ್ ಸಮೇತ 700 ಡಾಲರಿಗೆ ಸಿಗುತ್ತಿದೆ. ಅದರ ಶಕ್ತಿ 285 ಅಶ್ವಶಕ್ತಿ ಎನ್ನುತ್ತಾರೆ. ಕಾರಿನ ಎಂಜಿನ್ನನ್ನು ಬೋಟಿಗೆ ಒಗ್ಗಿಸಿದ ಅನುಭವವುಳ್ಳವರು ತಿಳಿಸಬೇಕು: ಇದನ್ನು ಕೂರಿಸಿದರೆ ಬೋಟು ಮೊದಲಿಗಿಂತ ವೇಗವಾಗಿ ಓಡುವುದೇ? ಏನೇನು ಬದಲಾಯಿಸಬೇಕು? ಕೈಕೆಲಸ ನನಗೆ ಹೊಸದಲ್ಲ. ಎರಡು ಕಾರುಗಳ ಎಂಜಿನ್ನನ್ನು ಮನೆಯ ಗ್ಯಾರೇಜಿನಲ್ಲೇ ಇಳಿಸಿ ಕೂರಿಸಿದ್ದೇನೆ.

ಹಳೇಬೋಟು

ಸರೋವರವಾಸಿಯವರೇ, ನಿಮಗಾದ ನಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹಳೆಯ ಬೋಟುಗಳ ಕೆಲಸವನ್ನು ವಿಸ್ಕಾನ್ಸಿನ್‌ನಲ್ಲಿ ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಪ್ಲಗ್ ಬಿಚ್ಚಿದ ಮೇಲೆ ಆ ರಂಧ್ರದೊಳಗೆ ಒಂದು ಗಟ್ಟಿ ತಂತಿಯನ್ನು ತೂರಿಸಿ ಕೆದಕಬೇಕು. ಬ್ಲಾಕಿನ ಒಳಗೆ ತಳದಲ್ಲಿ ತುಕ್ಕು ಮತ್ತು ಮರಳು ಕೂಡಿಕೊಂಡು ರಂಧ್ರವನ್ನು ಒಳಗಿನಿಂದ ಮುಚ್ಚಿಬಿಟ್ಟಿರುತ್ತದೆ. ಕೆದಕಿದರೆ ಮೊದಲು ಕೆಂಪು ಕೆಸರು, ಆಮೇಲೆ ಲೀಟರುಗಟ್ಟಲೆ ನೀರು ಬರುತ್ತದೆ. ಇದನ್ನು ಓದುವ ಉಳಿದವರಿಗಾಗಿಯೂ ಬರೆಯುತ್ತಿದ್ದೇನೆ, ಏಕೆಂದರೆ ಪ್ರತಿ ವಸಂತದಲ್ಲೂ ಇದೇ ಕಾರಣಕ್ಕೆ ಒಡೆದ ಬ್ಲಾಕು ನನ್ನ ಬಳಿಗೆ ಬರುತ್ತದೆ. ಜೊತೆಗೆ, ಬ್ಲಾಕ್ ಒಡೆದಿದ್ದರೆ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡುಗಳೂ ಸಿಲಿಂಡರ್ ಹೆಡ್‌ಗಳೂ ಒಡೆದಿರಬಹುದು. ಬೇರೆ ಏನನ್ನು ಯೋಚಿಸುವ ಮೊದಲು ಅವನ್ನು ಒತ್ತಡ ಕೊಟ್ಟು ಪರೀಕ್ಷಿಸಿಕೊಳ್ಳಿ. ನಿಮ್ಮ ತೀರ್ಮಾನವೆಲ್ಲ ಅದರ ಮೇಲೆ ನಿಂತಿದೆ.

ಕಾರಿನ ಎಂಜಿನ್ ಬೋಟಿಗೆ ಒಗ್ಗುವುದೇ ಎಂದರೆ, ಖಂಡಿತ ಒಗ್ಗುತ್ತದೆ. ನಿಮ್ಮ ರಾಜ್ಯದಲ್ಲೇ, ಸೇಂಟ್ ಕ್ಲೇರ್ ನದಿಯ ದಡದ ಆಲ್ಗೊನಾಕ್ ಊರಿನಲ್ಲಿ, ಒಂದನೆಯ ಮಹಾಯುದ್ಧದಲ್ಲಿ ಉಳಿದ ವಿಮಾನದ ಎಂಜಿನ್ನುಗಳನ್ನು ಕೊಂಡು ಬೋಟುಗಳಿಗೆ ಹಾಕುವುದರಿಂದಲೇ ದೊಡ್ಡ ದೊಡ್ಡ ಹೆಸರುಗಳು ಬೆಳೆದವು. ಗಾರ್ ವುಡ್ ಎಂಬಾತ ಇದೇ ನದಿಯಲ್ಲಿ 1932ರಲ್ಲಿ ನಾಲ್ಕು ಪ್ಯಾಕರ್ಡ್ ಎಂಜಿನ್ನುಗಳ ಬೋಟನ್ನು ಗಂಟೆಗೆ 124 ಮೈಲಿಗೂ ಮೀರಿ ಓಡಿಸಿದ. ಇಟಲಿಯ ಇಸೇಯೋ ಸರೋವರದಲ್ಲಿ 1953ರಲ್ಲಿ ಅಕಿಲೆ ಕಾಸ್ತೋಲ್ದಿಯವರು ಫೆರಾರಿಯ ರೇಸ್ ಕಾರಿನ ವಿ12 ಎಂಜಿನ್ ಕೂರಿಸಿದ ಬೋಟಿನಲ್ಲಿ ಗಂಟೆಗೆ 241 ಕಿಲೋಮೀಟರ್ ವೇಗ ಮುಟ್ಟಿದರು. ನಿಮ್ಮ ಬೋಟಿನಲ್ಲಿರುವ 351 ಕೂಡ ಮೂಲದಲ್ಲಿ ಫೋರ್ಡ್ ಕಾರು, ಪಿಕಪ್ಪುಗಳ ಎಂಜಿನ್ನೇ.

ಆದರೆ ಕಾರಿನ ಎಂಜಿನ್ನನ್ನು ಬೋಟಿನ ಎಂಜಿನ್ ಆಗಿಸುವುದು ಬ್ಲಾಕ್ ಅಲ್ಲ, ಅದರ ಸುತ್ತ ಕಟ್ಟಿರುವ ಸಾಮಾನು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ 700 ಡಾಲರ್ ಎಂಬ ಬೆಲೆಯೇ ಜನರನ್ನು ದಾರಿ ತಪ್ಪಿಸುತ್ತದೆ. ಕಾರಿನಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ಅದು ರಸ್ತೆಗೆ ಬಿದ್ದು ಗಾಳಿಯಲ್ಲಿ ಆರಿಹೋಗುತ್ತದೆ. ಬೋಟಿನಲ್ಲಿ ಅದು ತಳದ ಬಿಲ್ಜ್‌ಗೆ ಇಳಿಯುತ್ತದೆ; ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೇಳದೆ, ಬಾವಿಯ ತಳದಲ್ಲಿ ನಿಂತ ಹಾಗೆ ಅಲ್ಲೇ ನಿಂತುಬಿಡುತ್ತದೆ. ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್ ಇವುಗಳ ಒಳಗೆ ಕಿಡಿ ಹಾರುವುದು ಸಹಜ; ಅದು ಹೊರಕ್ಕೆ ತಲುಪದಂತೆ ಮುಚ್ಚಿರುವ ಬೋಟಿನ ಮಾದರಿಗಳು ಹೊರನೋಟಕ್ಕೆ ಒಂದೇ ರೀತಿ ಕಂಡರೂ ಬೇರೆಯವೇ. ಕಾರಿನ ಸ್ಟಾರ್ಟರ್ ಹಾಕಿದ ಬೋಟು ನೂರು ಸಲ ಚಾಲೂ ಆಗಬಹುದು, ನೂರ ಒಂದನೆಯ ಸಲ ಬೆಂಕಿ ಹತ್ತಬಹುದು. ಹಾಗೆಯೇ 1940ರ ಏಪ್ರಿಲ್ 25ರ ನಂತರ ಕೂರಿಸಿದ, ಔಟ್‌ಬೋರ್ಡ್ ಅಲ್ಲದ ಪ್ರತಿಯೊಂದು ಪೆಟ್ರೋಲ್ ಎಂಜಿನ್ನಿನ ಗಾಳಿಯ ಬಾಯಿಗೂ ಬೆಂಕಿತಡೆ ಇರಬೇಕೆಂಬುದು ಅಮೆರಿಕದ ಕೋಸ್ಟ್ ಗಾರ್ಡ್ ನಿಯಮ. ಎಂಜಿನ್ ಚಾಲೂ ಮಾಡುವ ಮುನ್ನ ನಾಲ್ಕು ನಿಮಿಷ ಬ್ಲೋವರ್ (ಆವಿಯನ್ನು ಹೊರದಬ್ಬುವ ಫ್ಯಾನು) ಓಡಿಸಿ ಎಂಬ ಚೀಟಿ ನಿಮ್ಮ ಡ್ಯಾಶ್‌ಬೋರ್ಡಿನ ಮೇಲಿರುವುದೂ ಈ ಆವಿಯ ಕಾರಣಕ್ಕೇ.

ನಿಮ್ಮ ಹಳೆಯ ಎಂಜಿನ್ನಿನ ಪೆಟ್ರೋಲ್ ಪಂಪನ್ನು ಒಮ್ಮೆ ಹತ್ತಿರದಿಂದ ನೋಡಿ. ಅದರ ಪಕ್ಕದಿಂದ ಪಾರದರ್ಶಕವಾದ ಒಂದು ತೆಳುವಾದ ಕೊಳವೆ ಹೊರಟು ಕಾರ್ಬ್ಯುರೇಟರಿನ ಬಾಯಿಗೆ ಹೋಗಿರುತ್ತದೆ. ಪಂಪಿನೊಳಗೆ ಎರಡು ಡಯಾಫ್ರಮ್‌ಗಳಿವೆ. ಒಂದು ಹರಿದರೆ ಪೆಟ್ರೋಲ್ ಹೊರಗೆ ಸುರಿಯದೆ ಆ ಕೊಳವೆಯಲ್ಲಿ ಕಾಣಿಸಿಕೊಳ್ಳುತ್ತದೆ ಮತ್ತು ಎಂಜಿನ್ನೇ ಅದನ್ನು ಕುಡಿಯುತ್ತದೆ. ಅದೇ ರೀತಿ ಬೋಟಿನ ಕಾರ್ಬ್ಯುರೇಟರಿನ ಗಾಳಿಕೊಳವೆಗಳು ಕೊಡೆಯ ಹಿಡಿಯಂತೆ ಒಳಕ್ಕೆ ಬಾಗಿರುತ್ತವೆ, ಪೆಟ್ರೋಲ್ ಉಕ್ಕಿದರೂ ಎಂಜಿನ್ನಿನ ಒಳಕ್ಕೇ ಬೀಳಲಿ ಎಂದು. ಈ ಸಣ್ಣ ವ್ಯವಸ್ಥೆಗಳಲ್ಲಿ ಒಂದೂ ಪಿಕಪ್ಪಿನ ಎಂಜಿನ್ನಿನ ಮೇಲಿಲ್ಲ. ಅಷ್ಟೇ ಅಲ್ಲ, ನಿಮ್ಮ ಕಾರ್ಬ್ಯುರೇಟರಿಗೆ ಆರೇಳು ಪಿಎಸ್‌ಐ ಒತ್ತಡ ಸಾಕು, 5.3ರ ಇಂಜೆಕ್ಷನ್ ವ್ಯವಸ್ಥೆ ಬಯಸುವುದು 58 ಪಿಎಸ್‌ಐ. ಅಂಥ ಒತ್ತಡದ ಪೆಟ್ರೋಲನ್ನು ಮುಚ್ಚಿದ ಪೆಟ್ಟಿಗೆಯೊಳಗೆ ತರುವಾಗ ಹೋಸು, ಕ್ಲಾಂಪು, ಪಂಪು ಎಲ್ಲವೂ ಬೋಟಿಗೆಂದೇ ಮಾಡಿದವಾಗಿರಬೇಕು.

ಇನ್ನು ತಂಪಾಗಿಸುವುದು ಮತ್ತು ಹೊಗೆ. 5.3ರ ಬ್ಲಾಕ್ ಎರಕದ ಕಬ್ಬಿಣದ್ದಾದರೂ ಹೆಡ್‌ಗಳು ಅಲ್ಯೂಮಿನಿಯಂನವು, ಥರ್ಮೋಸ್ಟಾಟ್ ನೀರು ಒಳಬರುವ ಬದಿಯಲ್ಲಿದೆ. ಸರೋವರದ ನೀರನ್ನು ನೇರವಾಗಿ ಹಾಯಿಸುವ ಹಳೆಯ ಪದ್ಧತಿಗೆ ಅದು ಹೇಳಿಮಾಡಿಸಿದ್ದಲ್ಲ; ಒಳಗೆ ಕೂಲಂಟ್, ಹೊರಗೆ ಸರೋವರದ ನೀರು ಎಂಬಂತೆ ಹೀಟ್ ಎಕ್ಸ್‌ಚೇಂಜರ್ ಹಾಕುವುದೇ ಸರಿ. ನಿಮ್ಮ 351ರ ನೀರಿನ ಜಾಕೆಟ್ಟುಳ್ಳ ಎಕ್ಸಾಸ್ಟ್ ಮ್ಯಾನಿಫೋಲ್ಡುಗಳು ಅದಕ್ಕೆ ಕೂರುವುದಿಲ್ಲ, ಹೊಸ ಜೋಡಿ ಬೇಕು. ಪಿಕಪ್ಪಿನ ಒಣ ಮ್ಯಾನಿಫೋಲ್ಡನ್ನು ಪೆಟ್ಟಿಗೆಯೊಳಗೆ ಬಿಡುವ ಯೋಚನೆಯನ್ನು ಮಾತ್ರ ದಯವಿಟ್ಟು ಮಾಡಬೇಡಿ. ಓಡುತ್ತಿರುವಾಗ ಅದು ಕೆಂಪಗೆ ಕಾಯುತ್ತದೆ, ಒಂದು ಅಡಿ ದೂರದಲ್ಲಿ ಫೈಬರ್‌ಗ್ಲಾಸ್ ಮತ್ತು ಸ್ಪಂಜಿನ ಸೀಟು ಇರುತ್ತವೆ.

ಪಡುಕರೆ

ನಮಸ್ಕಾರ. ನಾನು ಮಲ್ಪೆಯವನು, ಟ್ರಾಲ್ ಬೋಟುಗಳ ಎಂಜಿನ್ ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ ತಂದೆಯವರ ಕೈಕೆಳಗೆ ಕಲಿತು ಈಗ ಅದನ್ನೇ ನಡೆಸುತ್ತಿದ್ದೇನೆ. ಪೆಟ್ರೋಲ್ ವಿ8 ನಾನು ಮುಟ್ಟಿಲ್ಲ. ನಮ್ಮ ಕಡೆ ಲಾರಿಗೆಂದು ಹುಟ್ಟಿದ ಲೇಲ್ಯಾಂಡ್ ಡೀಸೆಲ್ ಎಂಜಿನ್ನುಗಳನ್ನೇ ಬೋಟಿಗೆ ಒಗ್ಗಿಸಿದ ರೂಪದಲ್ಲಿ ಬಹಳ ಕಾಲದಿಂದ ಬಳಸುತ್ತಾ ಬಂದಿದ್ದೇವೆ. ಆದ್ದರಿಂದ ಒಂದು ವಿಷಯವನ್ನು ಮಾತ್ರ ಅಧಿಕಾರದಿಂದ ಹೇಳಬಲ್ಲೆ: ಭಾರ.

ರಸ್ತೆಯ ಮೇಲಿನ ಗಾಡಿಗೆ ಇಳಿಜಾರು ಸಿಗುತ್ತದೆ, ಗೇರ್ ಬದಲಾಗುತ್ತದೆ, ಕಾಲು ತೆಗೆದರೂ ಅದು ಉರುಳುತ್ತಿರುತ್ತದೆ. ನೀರಿನಲ್ಲಿ ಇಳಿಜಾರಿಲ್ಲ. ಬೋಟು ಯಾವಾಗಲೂ ಘಾಟಿ ಏರುತ್ತಿರುವ ಲಾರಿ. ಆಗುಂಬೆ ಘಾಟಿಯನ್ನು ಒಂದೇ ಗೇರಿನಲ್ಲಿ, ತುದಿ ಮುಟ್ಟದೆ, ದಿನವಿಡೀ ಏರಿದಂತೆ. ಒಂದು ಕಾರು ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ಓಡಲು ಇಪ್ಪತ್ತು ಮೂವತ್ತು ಅಶ್ವಶಕ್ತಿ ಸಾಕು, ಆದ್ದರಿಂದ ಅದರ ಎಂಜಿನ್ ಬಾಳಿನ ಬಹುಪಾಲು ವಿಶ್ರಾಂತಿಯಲ್ಲೇ ಇರುತ್ತದೆ. ಬೋಟಿನಲ್ಲಿ ಪ್ರೊಪೆಲ್ಲರ್ ಕೇಳುವ ಶಕ್ತಿ ಸುತ್ತಿನ ಘನದ ಪ್ರಮಾಣದಲ್ಲಿ ಏರುತ್ತದೆ. ನಿಮ್ಮ 240 ಅಶ್ವಶಕ್ತಿ ನಿಮಿಷಕ್ಕೆ 4,400 ಸುತ್ತಿನಲ್ಲಿ ಎಂದಿಟ್ಟುಕೊಂಡರೆ, 2,200 ಸುತ್ತಿನಲ್ಲಿ ಪ್ರೊಪೆಲ್ಲರ್ ಕೇಳುವುದು ಬರೇ 30. 3,300ಕ್ಕೆ ಏರಿಸಿದರೆ 100ಕ್ಕೆ ಹಾರುತ್ತದೆ. ಉಳಿದ ಸಾವಿರ ಸುತ್ತಿಗೆ ಮತ್ತೆ 140 ಬೇಕು. ಎಂಜಿನ್ ಹಾಳಾಗುವುದು ಆ ಕೊನೆಯ ಸಾವಿರ ಸುತ್ತಿನಲ್ಲಿ.

ನಮ್ಮಲ್ಲಿ ಹೊಸ ಬೋಟಿನ ಎಂಜಿನ್ ಕೂರಿಸಿದ ಮೇಲೆ ಮೊದಲ ಓಟದಲ್ಲಿ ನಾವು ನೋಡುವುದು ವೇಗವನ್ನಲ್ಲ, ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ಹೇಳಿದ ಸುತ್ತು ಮುಟ್ಟುತ್ತದೆಯೇ ಎಂಬುದನ್ನು. ಮುಟ್ಟದಿದ್ದರೆ ಪ್ರೊಪೆಲ್ಲರ್ ಭಾರವಾಯಿತೆಂದು ಅರ್ಥ, ಹೊಗೆ ಕಪ್ಪಾಗುತ್ತದೆ, ಎಂಜಿನ್ ದಿನದಿನವೂ ಒಳಗೇ ಸುಡುತ್ತದೆ. ಆಗ ಪ್ರೊಪೆಲ್ಲರನ್ನು ಬಿಚ್ಚಿ ಅದರ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ, ಕಡಿಮೆ ಮಾಡಿಸುತ್ತೇವೆ. ನಿಮ್ಮ ಕಡೆಯ ಪೆಟ್ರೋಲ್ ಎಂಜಿನ್ ಕಪ್ಪು ಹೊಗೆ ಉಗುಳಿ ಹೇಳುವುದಿಲ್ಲವಾದ್ದರಿಂದ ಸುತ್ತಿನ ಮೀಟರೊಂದೇ ನಿಮಗೆ ಸಾಕ್ಷಿ. ಅದು ಸರಿಯಾಗಿದೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಿ.

ಇನ್ನೊಂದು ಮಾತು. ನಮ್ಮ ಬಂದರಿನಲ್ಲಿ ನಡೆಯುವ ಎಷ್ಟೋ ಸುಲಭದ ದಾರಿಗಳು ಡೀಸೆಲ್ ಆದ್ದರಿಂದ ನಡೆಯುತ್ತವೆ. ಡೀಸೆಲ್ ಬಿಲ್ಜ್‌ನಲ್ಲಿ ಬಿದ್ದರೆ ಗಲೀಜು, ಪೆಟ್ರೋಲ್ ಬಿದ್ದರೆ ಅಪಾಯ. ಊರಿನ ಬೋಟುಗಳ ವಿಡಿಯೋ ನೋಡಿ ಅದೇ ರೀತಿ ಮಾಡಬಹುದೆಂದು ಯಾರೂ ತಿಳಿಯಬಾರದು. ಮೇಲೆ ಹಳೇಬೋಟು ಅವರು ಬರೆದಿರುವುದನ್ನು ಅಕ್ಷರಶಃ ಪಾಲಿಸಿ.

ಸರೋವರವಾಸಿ

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಈ ವಾರ ಮ್ಯಾನಿಫೋಲ್ಡುಗಳನ್ನೂ ಹೆಡ್‌ಗಳನ್ನೂ ಬಿಚ್ಚಿ ಮಷಿನ್ ಶಾಪಿಗೆ ಕೊಟ್ಟು ಪರೀಕ್ಷೆ ಮಾಡಿಸಿದೆ. ನಾಲ್ಕೂ ಒಡೆದಿಲ್ಲ, ಒಡೆದಿರುವುದು ಬ್ಲಾಕ್ ಒಂದೇ. ಹೊಲಿಗೆ ಹಾಕಿದಂತೆ ಲೋಹದ ಪಿನ್ನುಗಳನ್ನು ಹೊಡೆದು ಬಿರುಕನ್ನು ಮುಚ್ಚಬಹುದೆಂದು ಅಲ್ಲಿ ಹೇಳಿದರು. ಆದರೆ ಆಯಿಲಿಗೆ ನೀರು ಸೇರಿದೆಯೆಂದರೆ ಒಳಗೆ ಕಣ್ಣಿಗೆ ಬೀಳದ ಬಿರುಕು ಇನ್ನೊಂದಿದೆ, ಆ ದಾರಿ ಬೇಡವೆಂದು ಅವರೇ ಸಲಹೆ ಕೊಟ್ಟರು.

ಎಂಜಿನ್ ಬಿಚ್ಚುವಾಗ ಗೊಂದಲವೊಂದು ಎದುರಾಯಿತು. ಸ್ಪಾರ್ಕ್ ಪ್ಲಗ್ ವೈರುಗಳ ಕ್ರಮವನ್ನು ಬರೆದಿಟ್ಟುಕೊಂಡಾಗ ಅದು 1-8-4-5-6-2-7-3 ಎಂದು ಬಂದಿತು. ಪುಸ್ತಕದಲ್ಲಿ 351 ವಿಂಡ್ಸರಿಗೆ 1-3-7-2-6-5-4-8 ಎಂದಿದೆ. ಹಿಂದಿನ ಮಾಲೀಕರು ವೈರುಗಳನ್ನು ತಪ್ಪಾಗಿ ಹಾಕಿದ್ದರೆ ಎಂಜಿನ್ ಇಷ್ಟು ವರ್ಷ ಓಡುತ್ತಲೇ ಇರಲಿಲ್ಲವಲ್ಲ. ಇದಕ್ಕೆ ಅರ್ಥವೇನು?

ಎಡಬಲ

ಸರ್, ನೀವು ಬರೆದಿಟ್ಟುಕೊಂಡ ಕ್ರಮವನ್ನು ಮೊದಲ ಸಿಲಿಂಡರಿನಿಂದ ಹಿಂದುಮುಂದಾಗಿ ಓದಿ ನೋಡಿ, ಪುಸ್ತಕದ ಕ್ರಮವೇ ಬರುತ್ತದೆ. ನಿಮ್ಮದು ವಿರುದ್ಧ ದಿಕ್ಕಿನಲ್ಲಿ ತಿರುಗುವ ಎಂಜಿನ್. ಕಾರಿನ ಎಂಜಿನ್ನನ್ನು ಫ್ಲೈವೀಲ್ ಕಡೆಯಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗುತ್ತದೆ, ನಿಮ್ಮದು ಪ್ರದಕ್ಷಿಣವಾಗಿ. ಆ ಕಾಲದ ಸ್ಕೀ ಬೋಟುಗಳಲ್ಲಿ ಇದು ಅಪರೂಪವಲ್ಲ. ಬೋಟಿನ ಹಿಂದೆ ನಿಂತು ಪ್ರೊಪೆಲ್ಲರ್ ನೋಡಿದರೆ ಅದು ಪ್ರದಕ್ಷಿಣವಾಗಿ ತಿರುಗುವ, ಅಂದರೆ ಬಲಗೈ ಪ್ರೊಪೆಲ್ಲರ್ ಆಗಿರಬೇಕು, ಏಕೆಂದರೆ ನೇರ ಗೇರ್‌ಬಾಕ್ಸಿನಲ್ಲಿ ಎಂಜಿನ್ ತಿರುಗಿದ ಕಡೆಗೇ ಶಾಫ್ಟೂ ತಿರುಗುತ್ತದೆ.

ಈ ಒಂದು ಅಂಶ ನಿಮ್ಮ ಲೆಕ್ಕವನ್ನೆಲ್ಲ ಬದಲಿಸುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ವಿರುದ್ಧ ದಿಕ್ಕಿನ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ (ಕ್ಯಾಮ್) ಬೇರೆ, ಸ್ಟಾರ್ಟರ್ ಬೇರೆ, ಕ್ರ್ಯಾಂಕಿನ ಹಿಂದಿನ ಸೀಲ್ ಬೇರೆ. ಪಿಸ್ಟನ್ನುಗಳನ್ನು ಕೂರಿಸುವ ದಿಕ್ಕು ಕೂಡ ಬೇರೆ. ಪಿಕಪ್ಪಿನ ಎಲ್‌ಎಸ್ ಎಂಜಿನ್ನನ್ನು ಹಾಗೆ ತಿರುಗಿಸಲು ಹೋದರೆ ಮೊದಲ ಅಡ್ಡಿ ಆಯಿಲ್ ಪಂಪಿನದು: ಅದು ಕ್ರ್ಯಾಂಕಿನ ಮುಂದಿನ ಮೂತಿಯ ಮೇಲೇ ಕೂತು ಅದರ ಜೊತೆಗೇ ತಿರುಗುತ್ತದೆ. ಕ್ರ್ಯಾಂಕ್ ಉಲ್ಟಾ ತಿರುಗಿದರೆ ಆಯಿಲ್ ಮೇಲೇರುವುದೇ ಇಲ್ಲ. ಹಾಗಾಗಿ ಎಲ್‌ಎಸ್ ಆಗಲಿ, ಸಾಮಾನ್ಯ 351 ಆಗಲಿ, ಕಾರಿನ ದಿಕ್ಕಿನಲ್ಲೇ ತಿರುಗಿಸಿ ಬೋಟನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ.

ಹೊಂದಿಸಬೇಕಾದದ್ದು ಮೂರು ಕಡೆ. ನಿಮ್ಮ ಗೇರ್‌ಬಾಕ್ಸ್ ಬಹುಶಃ ಬೋರ್ಗ್‌ವಾರ್ನರ್ ವೆಲ್ವೆಟ್ ಡ್ರೈವ್. ಅದರ ಮುಂಭಾಗದ ಆಯಿಲ್ ಪಂಪಿನ ಬೋಲ್ಟುಗಳನ್ನು ಬಿಚ್ಚಿ, ಪಂಪನ್ನು ಹೊಸ ದಿಕ್ಕಿಗೆ ತಿರುಗಿಸಿ, ಮೈಮೇಲಿನ ಬಾಣದ ಗುರುತು ಮೇಲ್ಗಡೆ ಎಂಜಿನ್ ತಿರುಗುವ ಕಡೆಗೆ ತೋರುವಂತೆ ಮಾಡಿ, ಹೊಸ ಗ್ಯಾಸ್ಕೆಟ್ಟಿನೊಂದಿಗೆ ಕೂರಿಸಬೇಕು. ಇದನ್ನು ಮರೆತವರ ಗೇರ್‌ಬಾಕ್ಸಿಗೆ ಒತ್ತಡವೇ ಸಿಗದೆ ಬೋಟು ನಿಂತಲ್ಲೇ ನಿಂತಿರುತ್ತದೆ. ಪಂಪು ಮುಟ್ಟುವುದೇಕೆ, ರಿವರ್ಸ್ ಗೇರಿನಲ್ಲೇ ಮುಂದಕ್ಕೆ ಓಡಿಸಿದರಾಯಿತಲ್ಲ ಎಂದು ಹೇಳುವವರು ಸಿಗುತ್ತಾರೆ. ಆ ಗೇರ್‌ಬಾಕ್ಸಿನ ರಿವರ್ಸ್ ಭಾಗ ಸತತ ಭಾರಕ್ಕೆ ಮಾಡಿದ್ದಲ್ಲ. ಎರಡನೆಯದಾಗಿ ಎಡಗೈ ಪ್ರೊಪೆಲ್ಲರ್ ಬೇಕು. ಮೂರನೆಯದಾಗಿ, ಸರೋವರದ ನೀರು ಎಳೆಯುವ ರಬ್ಬರ್ ಇಂಪೆಲ್ಲರಿನ ಪಂಪು ಎರಡೂ ಕಡೆಗೆ ತಿರುಗಬಲ್ಲದು, ಆದರೆ ನೀರು ಬರುವ ಮತ್ತು ಹೋಗುವ ಹೋಸುಗಳನ್ನು ಅದಲುಬದಲು ಮಾಡಬೇಕು, ಹೊಸ ಇಂಪೆಲ್ಲರನ್ನೂ ಹಾಕಬೇಕು.

ಇಷ್ಟಾದ ಮೇಲೆ ಬೋಟಿನ ನಡವಳಿಕೆಯೂ ಬದಲಾಗುತ್ತದೆ. ಬಲಗೈ ಪ್ರೊಪೆಲ್ಲರಿನಲ್ಲಿ ರಿವರ್ಸ್ ಹಾಕಿದಾಗ ಹಿಂಭಾಗ ಎಡಕ್ಕೆ ಜಾರುತ್ತಿತ್ತು, ಎಡಗೈಯದರಲ್ಲಿ ಬಲಕ್ಕೆ ಜಾರುತ್ತದೆ. ಆರು ವರ್ಷ ಒಂದೇ ಕಡೆಯಿಂದ ಕಟ್ಟೆಗೆ ಒರಗಿಸಿದ ಕೈಗೆ ಇದು ಹೊಸದಾಗಿ ಕಲಿಯಬೇಕಾದ ಪಾಠ. ಮಕ್ಕಳನ್ನು ಹತ್ತಿಸಿಕೊಳ್ಳುವ ಮೊದಲು ಒಂದು ಸಂಜೆ ನೀವೊಬ್ಬರೇ ಅಭ್ಯಾಸ ಮಾಡಿಕೊಳ್ಳಿ.

ವೇಗದ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. 5.3ರ 285 ಅಶ್ವಶಕ್ತಿ ಹುಟ್ಟುವುದು ನಿಮಿಷಕ್ಕೆ 5,200 ಸುತ್ತಿನಲ್ಲಿ. ನಿಮ್ಮ ಪ್ರೊಪೆಲ್ಲರ್ 4,400ರ ಆಸುಪಾಸಿಗೆಂದು ಆಯ್ದದ್ದು; ಅಲ್ಲಿ 5.3ಕ್ಕೂ ಹಳೆಯ 5.8ಕ್ಕೂ ನೀವು ಎಣಿಸಿದಷ್ಟು ಅಂತರವಿಲ್ಲ. ಸ್ಕೀ ಬೋಟಿಗೆ ಬೇಕಾದದ್ದು ತುದಿಯ ವೇಗಕ್ಕಿಂತ ಹೆಚ್ಚಾಗಿ, ನೀರಿನಲ್ಲಿ ಕುಳಿತವರನ್ನು ಒಂದೇ ಎಳೆತಕ್ಕೆ ಮೇಲೆತ್ತುವ ಬಲ. ಎಲ್‌ಎಸ್ ಹಾಕಲೇಬೇಕೆಂದಿದ್ದರೆ 6.0 ಲೀಟರಿನದನ್ನು ಹುಡುಕಿ; ಬೋಟು ಕಂಪನಿಗಳೂ ಸ್ಕೀ ಬೋಟುಗಳಿಗೆ ಅದನ್ನು ಆರಿಸಿಕೊಂಡಿವೆ.

ನೇತ್ರಾವತಿ

ಕ್ಯಾಲಿಫೋರ್ನಿಯಾದಿಂದ ಓದುತ್ತಿರುವವರಿಗಾಗಿ ಒಂದು ಮಾತನ್ನು ಸೇರಿಸುತ್ತೇನೆ. ಒಳಗೆ ಎಂಜಿನ್ ಕೂರಿಸಿದ ಹೊಸ ಪೆಟ್ರೋಲ್ ಬೋಟುಗಳಿಗೆ ಇಲ್ಲಿ 2008ರ ಮಾದರಿಗಳಿಂದಲೂ, ಉಳಿದ ದೇಶದಲ್ಲಿ 2010ರಿಂದಲೂ ಕ್ಯಾಟಲಿಟಿಕ್ ಕನ್ವರ್ಟರ್ ಬೇಡುವಷ್ಟು ಬಿಗಿಯಾದ ಹೊಗೆಯ ಮಿತಿ ಬಂದಿದೆ. 1987ರ ಬೋಟಿಗೆ ಅದು ಅನ್ವಯಿಸದಿದ್ದರೂ, ಹೊಸ ಬೋಟಿನ ಎಂಜಿನ್ನನ್ನು ಹೀಗೆ ಬದಲಿಸಲು ಹೊರಟವರು ಮೊದಲು ನಿಯಮ ತಿಳಿದುಕೊಳ್ಳಬೇಕು. ನಮ್ಮ ಮನೆಯವರು ಎಂಜಿನ್ ಬದಲಿಸಿದಾಗ ವಿಮೆಯವರು ಪರಿಶೀಲಕರನ್ನು ಕಳಿಸಿದರು. ಅವರು ಮೊದಲು ಬಾಗಿ ನೋಡಿದ್ದು ಆಲ್ಟರ್ನೇಟರಿನ ಮೇಲಿನ ಗುರುತನ್ನು ಮತ್ತು ಪೆಟ್ರೋಲ್ ಹೋಸಿನ ಮೇಲೆ ಅಚ್ಚಾಗಿರುವ ಅಕ್ಷರಗಳನ್ನು. ಎಷ್ಟು ಅಶ್ವಶಕ್ತಿ ಎಂದು ಅವರು ಕೇಳಿದ್ದು ಕೊನೆಗೆ.

ಹಳೇಬೋಟು

ಎಡಬಲ ಅವರು ಬರೆದದ್ದು ನೂರಕ್ಕೆ ನೂರು ಸರಿ. ಮ್ಯಾನಿಫೋಲ್ಡು ಮತ್ತು ಹೆಡ್‌ಗಳು ಉಳಿದಿವೆ ಎಂದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟ. ಎಲ್‌ಎಸ್ ಬಿಟ್ಟು 351 ಬ್ಲಾಕನ್ನೇ ಹುಡುಕಿ. ಫೋರ್ಡ್ ಅದನ್ನು 1969ರಿಂದ 1990ರ ದಶಕದ ಮಧ್ಯದವರೆಗೂ ಮಾಡಿದೆ. ಹಳೆಯ ಎಫ್-ಸರಣಿಯ ಪಿಕಪ್ಪುಗಳು, ವ್ಯಾನುಗಳು ಇನ್ನೂ ಗುಜರಿಗೆ ಬರುತ್ತಿವೆ. ಆಗ ನಿಮ್ಮ ಮ್ಯಾನಿಫೋಲ್ಡು, ಬೆಲ್‌ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ), ಮೌಂಟು, ಕಾರ್ಬ್ಯುರೇಟರ್, ಪೆಟ್ರೋಲ್ ಪಂಪು ಎಲ್ಲವೂ ಇದ್ದಲ್ಲೇ ಕೂರುತ್ತವೆ. ಎಲ್‌ಎಸ್ ಆದರೆ ಬೆಲ್‌ಹೌಸಿಂಗಿನಿಂದ ಹಿಡಿದು ಎಲ್ಲವೂ ಹೊಸದು. ಅದರ ಕ್ರ್ಯಾಂಕಿನ ಹಿಂಬದಿ ಹಳೆಯ ಷೆವರ್ಲೆಗಿಂತ 0.4 ಇಂಚು ಗಿಡ್ಡ, ಫ್ಲೈವೀಲಿಗೆ ಸ್ಪೇಸರ್ ಹುಡುಕಬೇಕು. 700 ಡಾಲರಿನ ಎಂಜಿನ್ ಹಲವು ಸಾವಿರಕ್ಕೆ ನಿಲ್ಲುತ್ತದೆ.

ಪಿಕಪ್ಪಿನ 351ರಲ್ಲಿ ಬದಲಿಸಬೇಕಾದದ್ದನ್ನು ಹೇಳುತ್ತೇನೆ. ಬ್ಲಾಕಿನ ನೀರಿನ ದಾರಿಯ ರಂಧ್ರಗಳನ್ನು ಮುಚ್ಚಿರುವ ಉಕ್ಕಿನ ಬಿಲ್ಲೆಗಳನ್ನು ಕಿತ್ತು ಹಿತ್ತಾಳೆಯವನ್ನು ಬಡಿಯಿರಿ. ಹೆಡ್ ಗ್ಯಾಸ್ಕೆಟ್ ಬೋಟಿನದ್ದೇ ಆಗಿರಲಿ. ಆಯಿಲ್ ಪ್ಯಾನ್ ಮತ್ತು ಅದರ ಹೀರುಕೊಳವೆ ನಿಮ್ಮ ಹಳೆಯವೇ ಆಗಬೇಕು, ಏಕೆಂದರೆ ಬೋಟಿನಲ್ಲಿ ಎಂಜಿನ್ ಹಿಂದಕ್ಕೆ ವಾಲಿ ಕುಳಿತಿರುತ್ತದೆ. ಸ್ಟಾರ್ಟರ್ ಮಾತ್ರ ಹೊಸದು, ಕಾರಿನ ದಿಕ್ಕಿನದು, ಬೋಟಿಗೆ ಮಾಡಿದ್ದು. ಡಿಸ್ಟ್ರಿಬ್ಯೂಟರಿನ ಗೇರು ಹೊಸ ಕ್ಯಾಮಿಗೆ ಹೊಂದುವುದೇ ಎಂದು ನೋಡಿಕೊಳ್ಳಿ. ಕ್ಯಾಮ್ ಆರಿಸುವಾಗ ರೇಸಿನ ಆಸೆಗೆ ಬೀಳಬೇಡಿ: ಎರಡೂ ವಾಲ್ವುಗಳು ಹೆಚ್ಚು ಹೊತ್ತು ಒಟ್ಟಿಗೆ ತೆರೆದಿರುವ ಕ್ಯಾಮ್ ಹಾಕಿದರೆ, ಐಡಲಿನಲ್ಲಿ ಎಂಜಿನ್ ಎಕ್ಸಾಸ್ಟಿನಿಂದ ಉಸಿರನ್ನು ಹಿಂದಕ್ಕೆಳೆಯುತ್ತದೆ. ಕಾರಿನಲ್ಲಿ ಬರುವುದು ಹೊಗೆ, ಬೋಟಿನಲ್ಲಿ ಆ ಹೊಗೆಯ ಜೊತೆ ತಂಪಾಗಿಸಲು ಬಿಟ್ಟ ನೀರೂ ಇರುತ್ತದೆ. ವಾಲ್ವು ತುಕ್ಕು ಹಿಡಿದು ಸಿಲಿಂಡರಿಗೆ ನೀರು ಇಳಿದ ಎಂಜಿನ್ನುಗಳನ್ನು ನಾನು ಬಿಚ್ಚಿದ್ದೇನೆ. ಮಾಲೀಕರು ಗ್ಯಾಸ್ಕೆಟ್ ಹೋಯಿತೆಂದುಕೊಂಡು ಎರಡೆರಡು ಸಲ ಗ್ಯಾಸ್ಕೆಟ್ ಬದಲಿಸಿದ್ದರು, ತಪ್ಪು ಇದ್ದದ್ದು ಕ್ಯಾಮಿನಲ್ಲಿ.

ಕೊನೆಯದಾಗಿ ಅಲೈನ್‌ಮೆಂಟ್. ಎಂಜಿನ್ ಕೂರಿಸಿ, ಬೋಟನ್ನು ನೀರಿಗಿಳಿಸಿ, ಒಂದು ರಾತ್ರಿ ತೇಲಲು ಬಿಡಿ. ಟ್ರೇಲರಿನ ಮೇಲೆ ಒಡಲು ಒಂದು ಆಕಾರದಲ್ಲಿರುತ್ತದೆ, ನೀರಿನಲ್ಲಿ ಇನ್ನೊಂದು. ಮರುದಿನ ಗೇರ್‌ಬಾಕ್ಸ್ ಮತ್ತು ಶಾಫ್ಟಿನ ಕಪ್ಲಿಂಗಿನ ಬೋಲ್ಟುಗಳನ್ನು ತೆಗೆದು, ಎರಡು ಮುಖಗಳನ್ನು ಕೈಯಿಂದ ಒತ್ತಿ ಹಿಡಿದು, ಸುತ್ತಲೂ ನಾಲ್ಕು ಕಡೆ ಫೀಲರ್ ಗೇಜ್ ತೂರಿಸಿ ನೋಡಿ. ಎಲ್ಲಿಯೂ ಇಂಚಿನ ಸಾವಿರ ಭಾಗಗಳಲ್ಲಿ ಮೂರಕ್ಕಿಂತ ಹೆಚ್ಚಿನ ಸಂದು ಇರಬಾರದು. ಮುಂದಿನ ಮೌಂಟಿನ ನಟ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಈ ಕೆಲಸಕ್ಕೆ ನನಗೆ ಈಗಲೂ ಅರ್ಧ ದಿನ ಹಿಡಿಯುತ್ತದೆ; ಅದನ್ನು ಎಂದೂ ಅವಸರದಲ್ಲಿ ಮಾಡಿದವನಲ್ಲ.

ಸರೋವರವಾಸಿ

ಎಲ್ಲರ ಸಲಹೆಯಂತೆ ನಡೆದುಕೊಂಡಿದ್ದೇನೆ. 1992ರ ಪಿಕಪ್ಪಿನ 351 ಸಿಕ್ಕಿತು. ಮಷಿನ್ ಶಾಪಿನಲ್ಲಿ ಸಿಲಿಂಡರುಗಳನ್ನು ಕೊರೆಸಿ, ಹಿತ್ತಾಳೆ ಬಿಲ್ಲೆ ಬಡಿಸಿ, ಬೋಟಿನ ಕ್ಯಾಮ್ ಹಾಕಿಸಿದೆ. ನನ್ನ ಗೇರ್‌ಬಾಕ್ಸ್ ವೆಲ್ವೆಟ್ ಡ್ರೈವೇ ಹೌದು. ಪಂಪಿನ ಬಾಣವನ್ನು ತಿರುಗಿಸುವ ಮೊದಲು ಫೋಟೋ ತೆಗೆದಿಟ್ಟುಕೊಂಡೆ. ಹಳೆಯ ಪೆಟ್ರೋಲ್ ಪಂಪಿನ ಆ ಪಾರದರ್ಶಕ ಕೊಳವೆ ಹಳದಿಗಟ್ಟಿ ಗಡುಸಾಗಿದ್ದುದರಿಂದ ಹೊಸ ಪಂಪನ್ನೇ ಹಾಕಿದೆ.

ನಿನ್ನೆ ಸಂಜೆ ಒಬ್ಬನೇ ನೀರಿಗಿಳಿಸಿದೆ. ನಾಲ್ಕು ನಿಮಿಷ ಬ್ಲೋವರ್ ಓಡಿಸಿ, ಪೆಟ್ಟಿಗೆ ತೆರೆದು ಮೂಗಿನಿಂದಲೂ ನೋಡಿ, ಆಮೇಲೆ ಚಾಲೂ ಮಾಡಿದೆ. ಬೇರೆಯವರಿಂದ ಎರವಲು ತಂದ ಎಡಗೈ ಪ್ರೊಪೆಲ್ಲರಿನಲ್ಲಿ ಪೂರ್ತಿ ಥ್ರಾಟಲಿಗೆ 4,050 ಸುತ್ತು ಮಾತ್ರ ಬಂದಿತು. ಪಡುಕರೆಯವರು ಹೇಳಿದಂತೆ ಸುತ್ತಿನ ಮೀಟರನ್ನು ಬೇರೊಂದರೊಡನೆ ಹೋಲಿಸಿದೆ, ಅದು ಸರಿಯಾಗಿಯೇ ಇದೆ. ಹಾಗಾದರೆ ಪಿಚ್ ಒಂದು ಇಂಚು ಕಡಿಮೆ ಇರುವುದನ್ನು ತರಿಸಲೇ, ಅಥವಾ ಇದನ್ನೇ ತಿದ್ದಿಸಲೇ?

ಪಡುಕರೆ

ಎರವಲಿನದನ್ನು ತಿದ್ದಿಸಬೇಡಿ, ಹಾಗೆಯೇ ಹಿಂದಿರುಗಿಸಿ. ಒಂದು ಇಂಚು ಕಡಿಮೆ ಪಿಚ್ಚಿನದನ್ನು ತರಿಸಿ. ಸುಮಾರು ಇನ್ನೂರು ಸುತ್ತು ಮೇಲೇರಬಹುದು. ಹಾಕಿ ಓಡಿಸಿದ ಮೇಲೆ ಬಂದ ಸುತ್ತನ್ನು ಇಲ್ಲಿ ಬರೆಯಿರಿ, ಅದನ್ನು ನೋಡಿ ಮುಂದಿನದನ್ನು ತೀರ್ಮಾನಿಸೋಣ. ಅಲ್ಲಿಯವರೆಗೆ ಪೂರ್ತಿ ಥ್ರಾಟಲ್ ಕೊಡಬೇಡಿ, ಮೂರು ಸಾವಿರದ ಒಳಗೇ ಓಡಿಸಿ.